ಕಂಪ್ಯೂಟರ್ ಕಟ್ಟಿದವರು ಯಾರು? ಗೈಡುಗಳು ಬಿಟ್ಟ ಹೆಸರುಗಳು

‘ಕಂಪ್ಯೂಟರ್ ಕಂಡುಹಿಡಿದವರು ಯಾರು?’ ಎಂಬ ಪ್ರಶ್ನೆಗೆ ಪರೀಕ್ಷೆಯ ಗೈಡುಗಳಲ್ಲಿ ಒಂದೇ ಸಾಲಿನ ಉತ್ತರ ಸಿಗುತ್ತದೆ: ಚಾರ್ಲ್ಸ್ ಬ್ಯಾಬೇಜ್. ಬ್ಯಾಬೇಜ್ ದೊಡ್ಡ ಪ್ರತಿಭೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಅನಾಲಿಟಿಕಲ್ ಎಂಜಿನ್ ಅವರ ಜೀವಮಾನದಲ್ಲಿ ಪೂರ್ತಿಯಾಗಲೇ ಇಲ್ಲ. ನಿಜವಾಗಿ ಓಡುವ ಯಂತ್ರವನ್ನು ಕೈಯಾರೆ ಕಟ್ಟಿದವರ, ಅದಕ್ಕೆ ಲೆಕ್ಕ ಕಲಿಸಿದವರ ಹೆಸರು ಆ ಒಂದು ಸಾಲಿನಲ್ಲಿ ಹಿಡಿಸುವುದಿಲ್ಲ. ಹೀಗೆ ಹೊರಗುಳಿದವರಿಗೆ ಅನ್ಯಾಯವಾಗಿದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ತಪ್ಪು ಕಲ್ಪನೆ: ಜಗತ್ತಿನ ಮೊದಲ ಕಂಪ್ಯೂಟರ್ ಎನಿಯಾಕ್.

ವಾಸ್ತವ: ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಮಾಕ್ಲಿ, ಪ್ರೆಸ್ಪರ್ ಎಕರ್ಟ್ ಕಟ್ಟಿದ ಎನಿಯಾಕ್ ಜನರ ಕಣ್ಣಿಗೆ ಬಿದ್ದದ್ದು 1946ರ ಫೆಬ್ರುವರಿಯಲ್ಲಿ. ಅದಕ್ಕೂ ಸುಮಾರು ಐದು ವರ್ಷ ಮೊದಲೇ, 1941ರ ಮೇ ತಿಂಗಳಲ್ಲಿ, ಬರ್ಲಿನ್ನಿನ ಕಾನ್ರಾಡ್ ತ್ಸೂಸೆ ತಮ್ಮ ‘ಜೆಡ್3’ ಯಂತ್ರವನ್ನು ಓಡಿಸಿ ತೋರಿಸಿದ್ದರು. ಟೆಲಿಫೋನ್ ರಿಲೇಗಳಿಂದ ಮಾಡಿದ ಆ ಯಂತ್ರ, ಸಿನಿಮಾ ಫಿಲ್ಮಿನ ಸುರುಳಿಯಲ್ಲಿ ಕೊರೆದ ತೂತುಗಳನ್ನು ಓದಿಕೊಂಡು ಲೆಕ್ಕ ಮಾಡುತ್ತಿತ್ತು. 1943ರ ಬಾಂಬ್ ದಾಳಿಯಲ್ಲಿ ಅದು ನಾಶವಾಯಿತು.

ಅಮೆರಿಕದ ಒಳಗೇ ಇನ್ನೊಬ್ಬರಿದ್ದರು. ಅಯೋವಾದ ಪ್ರಾಧ್ಯಾಪಕ ಜಾನ್ ಅಟನಾಸಾಫ್ ತಮ್ಮ ವಿದ್ಯಾರ್ಥಿ ಕ್ಲಿಫರ್ಡ್ ಬೆರಿಯ ಜತೆಗೂಡಿ ಸುಮಾರು 300 ವ್ಯಾಕ್ಯೂಮ್ ಟ್ಯೂಬುಗಳ ಯಂತ್ರವೊಂದನ್ನು ಮಾಡಿದ್ದರು. 1941ರ ಜೂನಿನಲ್ಲಿ ಅದನ್ನು ನೋಡಲೆಂದೇ ಮಾಕ್ಲಿ ಅಯೋವಾಕ್ಕೆ ಹೋಗಿ, ಅಟನಾಸಾಫ್ ಮನೆಯಲ್ಲೇ ಉಳಿದಿದ್ದರು. ಮುಂದೆ ಪೇಟೆಂಟ್ ಜಗಳ ಕೋರ್ಟು ಹತ್ತಿತು. 1973ರ ಅಕ್ಟೋಬರ್ 19ರಂದು ನ್ಯಾಯಾಧೀಶ ಅರ್ಲ್ ಲಾರ್ಸನ್ ಎನಿಯಾಕ್ ಪೇಟೆಂಟನ್ನು ರದ್ದು ಮಾಡಿ, ಅದರ ಮೂಲ ಅಟನಾಸಾಫ್ ಕೆಲಸದಲ್ಲಿದೆ ಎಂದು ತೀರ್ಪಿತ್ತರು. ಮಾರನೆಯ ದಿನವೇ ವಾಟರ್‌ಗೇಟ್ ಹಗರಣ ತಾರಕಕ್ಕೇರಿ, ಈ ಸುದ್ದಿ ಪತ್ರಿಕೆಗಳ ಮೂಲೆ ಸೇರಿತು.

ಹಾಗೆಂದು ಎನಿಯಾಕ್ ಸಣ್ಣ ಸಾಧನೆಯಲ್ಲ. ಅಟನಾಸಾಫ್ ಯಂತ್ರ ಒಂದೇ ಬಗೆಯ ಸಮೀಕರಣಗಳನ್ನು ಬಿಡಿಸಬಲ್ಲದಾಗಿತ್ತು. ಎನಿಯಾಕ್‌ಗಾದರೋ ಬೇರೆಬೇರೆ ಲೆಕ್ಕಗಳನ್ನು ಒಪ್ಪಿಸಬಹುದಿತ್ತು. ಅದು ಸೆಕೆಂಡಿಗೆ 5,000 ಸಂಕಲನ ಮಾಡುತ್ತಿತ್ತು. ‘ಮೊದಲ’ ಎನ್ನುವಾಗ ಯಾವುದರಲ್ಲಿ ಮೊದಲ ಎಂದು ಹೇಳಿದರೆ ಮಾತ್ರ ಮಾತು ನಿಲ್ಲುತ್ತದೆ.

ತಪ್ಪು ಕಲ್ಪನೆ: ಜರ್ಮನ್ನರ ಎನಿಗ್ಮಾ ಸಂಕೇತ ಭೇದಿಸಲು ಅಲನ್ ಟ್ಯೂರಿಂಗ್ ಒಬ್ಬರೇ ಕಂಪ್ಯೂಟರ್ ಕಟ್ಟಿದರು.

ವಾಸ್ತವ: 2014ರ ‘ದಿ ಇಮಿಟೇಶನ್ ಗೇಮ್’ ಸಿನಿಮಾ ನೋಡಿದವರ ಮನಸ್ಸಿನಲ್ಲಿ ಈ ಚಿತ್ರ ಅಚ್ಚೊತ್ತಿಬಿಟ್ಟಿದೆ. ಎನಿಗ್ಮಾಕ್ಕೆ ಮೊದಲು ಕೈಹಾಕಿ ಗೆದ್ದವರು ಪೋಲೆಂಡಿನ ಗಣಿತಜ್ಞರು. ಮರಿಯನ್ ರೆಯೆವ್‌ಸ್ಕಿ 1932ರಲ್ಲೇ ಅದರ ಒಳಜೋಡಣೆಯನ್ನು ಲೆಕ್ಕದಿಂದ ಕಂಡುಕೊಂಡಿದ್ದರು. ಆ ತಳಹದಿಯ ಮೇಲೆ ಟ್ಯೂರಿಂಗ್ ‘ಬಾಂಬ್’ ಯಂತ್ರ ರೂಪಿಸಿದರು, ಗಾರ್ಡನ್ ವೆಲ್ಚ್‌ಮನ್ ಅದಕ್ಕೆ ದೊಡ್ಡ ಸುಧಾರಣೆ ತಂದರು. ಅದು ಎನಿಗ್ಮಾದ ಕೆಲಸಕ್ಕೆ ಮೀಸಲಾದ ಯಂತ್ರ, ಕಂಪ್ಯೂಟರ್ ಅಲ್ಲ.

ಯುದ್ಧಕಾಲದಲ್ಲಿ ಬ್ರಿಟನ್ನಿನ ಸಂಕೇತ ಭೇದಕರ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕಿನ ಎಲೆಕ್ಟ್ರಾನಿಕ್ ಕಂಪ್ಯೂಟರಿನ ಹೆಸರು ಕೊಲೋಸಸ್. ಅದು ಭೇದಿಸಿದ್ದು ಎನಿಗ್ಮಾವನ್ನಲ್ಲ. ಹಿಟ್ಲರನ ಸೇನಾಧಿಪತಿಗಳು ಬಳಸುತ್ತಿದ್ದ ಲೊರೆಂಟ್ಸ್ ಸಂಕೇತವನ್ನು. ಲೊರೆಂಟ್ಸ್ ಯಂತ್ರವನ್ನು ಕಣ್ಣಿಂದ ಕಾಣದೆಯೇ, ಬರೀ ಸಂದೇಶಗಳ ಆಧಾರದಿಂದ ಅದರ ರಚನೆ ಊಹಿಸಿದವರು ಬಿಲ್ ಟಟ್. ಕೊಲೋಸಸ್ ಕಟ್ಟಿದವರು ಲಂಡನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್, ಗಾರೆ ಕೆಲಸದವರೊಬ್ಬರ ಮಗ.

ಫ್ಲವರ್ಸ್ 1,600ರಷ್ಟು ಟ್ಯೂಬುಗಳ ಯಂತ್ರ ಮಾಡುತ್ತೇನೆ ಎಂದಾಗ ಬ್ಲೆಚ್ಲಿಯಲ್ಲಿ ಅನೇಕರು ನಂಬಲಿಲ್ಲ. ಟ್ಯೂಬು ಗಳಿಗೆಗೊಂದು ಸುಡುತ್ತದೆ ಎಂಬುದು ಅವರ ವಾದ. ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕೆಲಸ ಮಾಡಿದ್ದ ಫ್ಲವರ್ಸ್‌ಗೆ ಒಂದು ಗುಟ್ಟು ಗೊತ್ತಿತ್ತು. ಟ್ಯೂಬು ಹಾಳಾಗುವುದು ಹೆಚ್ಚಾಗಿ ಹಚ್ಚಿ ಆರಿಸುವಾಗ. ಹಚ್ಚಿದ್ದನ್ನು ಆರಿಸದೆ ಬಿಟ್ಟರೆ ಅದು ಬಹುಕಾಲ ಬಾಳುತ್ತದೆ. ಸ್ವಂತ ಹಣವನ್ನೂ ಸುರಿದು, ಸುಮಾರು ಹನ್ನೊಂದು ತಿಂಗಳಲ್ಲಿ ಅವರು ಯಂತ್ರ ಮುಗಿಸಿದರು. 1944ರ ಫೆಬ್ರುವರಿಯಲ್ಲಿ ಅದು ಕೆಲಸಕ್ಕೆ ಹತ್ತಿತು. ಯುದ್ಧ ಮುಗಿದ ಮೇಲೆ ನಕ್ಷೆಗಳನ್ನು ಸುಟ್ಟುಹಾಕಲು ಆದೇಶ ಬಂತು, ಫ್ಲವರ್ಸ್ ತಮ್ಮ ಕೈಯಿಂದಲೇ ಅವನ್ನು ಕುಲುಮೆಗೆ ಹಾಕಿದರು. 1970ರ ದಶಕದವರೆಗೆ ಅವರು ಬಾಯಿ ಬಿಡುವಂತಿರಲಿಲ್ಲ. ಎನಿಯಾಕ್ ‘ಮೊದಲ’ದ್ದಾಗಿ ಜಗತ್ತಿನಲ್ಲಿ ಮೆರೆದದ್ದಕ್ಕೆ ಈ ಮೌನವೂ ಒಂದು ಕಾರಣ.

ತಪ್ಪು ಕಲ್ಪನೆ: ಎನಿಯಾಕ್ ಫೋಟೋಗಳಲ್ಲಿ ಕಾಣುವ ಹೆಂಗಸರು ಅಂದಕ್ಕೆ ನಿಲ್ಲಿಸಿದವರು.

ವಾಸ್ತವ: ಇದು ನನಗೆ ಎಲ್ಲಕ್ಕಿಂತ ನೋವು ತರುವ ತಪ್ಪು. 1980ರ ದಶಕದಲ್ಲಿ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಇವರು ಯಾರೆಂದು ವಿಚಾರಿಸಿದಾಗ, ರೂಪದರ್ಶಿಯರು ಎಂಬ ಉತ್ತರ ಸಿಕ್ಕಿತ್ತು. ಕ್ಲೈಮನ್ ಬಿಡದೆ ಹುಡುಕಿ ಅವರ ಹೆಸರು ಹೊರತಂದರು: ಕೇ ಮೆಕ್‌ನಲ್ಟಿ, ಜೀನ್ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬೈಲಾಸ್, ರೂತ್ ಲಿಕ್ಟರ್‌ಮನ್. ಎನಿಯಾಕ್‌ಗೆ ಪ್ರೋಗ್ರಾಂ ಮಾಡಿದವರು ಈ ಆರು ಮಂದಿ. ಆರಂಭದಲ್ಲಿ ರಹಸ್ಯದ ಕಾರಣಕ್ಕೆ ಯಂತ್ರ ಇದ್ದ ಕೋಣೆಗೂ ಅವರಿಗೆ ಪ್ರವೇಶವಿರಲಿಲ್ಲ. ಕೈಪಿಡಿ ಎಂಬುದಿರಲಿಲ್ಲ. ನಕ್ಷೆಗಳನ್ನು ಹರಡಿಕೊಂಡು, ಯಾವ ತಂತಿ ಎಲ್ಲಿಗೆ, ಯಾವ ಸ್ವಿಚ್ಚು ಹೇಗೆ ಎಂದು ತಾವೇ ಕಲಿತರು.

1946ರ ಫೆಬ್ರುವರಿಯ ಆ ಸಾರ್ವಜನಿಕ ಪ್ರದರ್ಶನದ ಹಿಂದಿನ ಸಂಜೆ ತೊಡಕೊಂದು ಕಾಡಿತು. ಫಿರಂಗಿ ಗುಂಡಿನ ಪಥ ಲೆಕ್ಕ ಹಾಕುವ ಪ್ರೋಗ್ರಾಂ, ಗುಂಡು ನೆಲ ಮುಟ್ಟಿದ ಮೇಲೂ ನಿಲ್ಲದೆ ಲೆಕ್ಕ ಮುಂದುವರಿಸುತ್ತಿತ್ತು. ರಾತ್ರಿ ನಿದ್ದೆಯಲ್ಲೇ ಬೆಟ್ಟಿ ಸ್ನೈಡರ್‌ಗೆ ಉತ್ತರ ಹೊಳೆಯಿತು. ಬೆಳಗ್ಗೆ ಬಂದವರೇ ಒಂದು ಸ್ವಿಚ್ಚು ತಿರುಗಿಸಿದರು, ಎಲ್ಲ ಸರಿಹೋಯಿತು. ಅಂದು ಪ್ರದರ್ಶನ ಗೆದ್ದಿತು. ರಾತ್ರಿಯ ಸಂಭ್ರಮದ ಔತಣಕ್ಕೆ ಇವರಿಗೆ ಆಹ್ವಾನ ಮಾತ್ರ ಇರಲಿಲ್ಲ.

ತಪ್ಪು ಕಲ್ಪನೆ: ಮೌಸ್ ಆ್ಯಪಲ್‌ನದು, ಡಾಸ್ ಬಿಲ್ ಗೇಟ್ಸ್ ಬರೆದದ್ದು, ಇಂಟರ್ನೆಟ್ ಟಿಮ್ ಬರ್ನರ್ಸ್-ಲೀ ಅವರದು.

ವಾಸ್ತವ: ಮೌಸ್ ಡಗ್ಲಸ್ ಎಂಗಲ್‌ಬಾರ್ಟ್ ಅವರ ಕಲ್ಪನೆ. ಮರದ ತುಂಡಿನೊಳಗೆ ಚಕ್ರ ಕೂರಿಸಿ ಅದನ್ನು ಮಾಡಿಕೊಟ್ಟವರು ಬಿಲ್ ಇಂಗ್ಲಿಷ್. 1968ರಲ್ಲೇ ಅದರ ಸಾರ್ವಜನಿಕ ಪ್ರದರ್ಶನ ನಡೆದಿತ್ತು. ಡಾಸ್‌ನ ಮೂಲ ಬರೆದವರು ಸಿಯಾಟಲ್ಲಿನ ಟಿಮ್ ಪ್ಯಾಟರ್ಸನ್. ಮೈಕ್ರೋಸಾಫ್ಟ್ 1981ರಲ್ಲಿ ಅದನ್ನು ಕೊಂಡುಕೊಂಡಿತು. ಇನ್ನು ಬರ್ನರ್ಸ್-ಲೀ 1989ರಲ್ಲಿ ಪ್ರಸ್ತಾಪಿಸಿದ್ದು ವೆಬ್. ಅದು ಓಡುವುದು ಇಂಟರ್ನೆಟ್ಟಿನ ಮೇಲೆ. ಇಂಟರ್ನೆಟ್ಟಿನ ನಿಯಮಾವಳಿಯನ್ನು ವಿಂಟ್ ಸರ್ಫ್, ಬಾಬ್ ಕಾನ್ 1974ರಲ್ಲೇ ಪ್ರಕಟಿಸಿದ್ದರು.

ತಪ್ಪು ಕಲ್ಪನೆ: ಕನ್ನಡ ಕೀಲಿಮಣೆ ‘ನುಡಿ’ ತಂತ್ರಾಂಶದ ಜತೆ ಹುಟ್ಟಿದ್ದು.

ವಾಸ್ತವ: ನುಡಿ ಬಳಸಿಕೊಂಡಿರುವ ವಿನ್ಯಾಸದ ಮೂಲ ಕರ್ತೃ ಕೆ.ಪಿ. ರಾವ್. ಮಂಗಳೂರು ಬಳಿಯ ಕಿನ್ನಿಕಂಬಳದವರು, ಮೋನೋಟೈಪ್ ಕಂಪನಿಯಲ್ಲಿ ಅಕ್ಷರಜೋಡಣೆಯ ತಂತ್ರಜ್ಞಾನದಲ್ಲಿ ಪಳಗಿದವರು. ನಮ್ಮ ಒತ್ತಕ್ಷರ, ಗುಣಿತಾಕ್ಷರಗಳನ್ನೆಲ್ಲ ಬಿಡಿಬಿಡಿಯಾಗಿ ಕೀಲಿಮಣೆಯ ಮೇಲೆ ಕೂರಿಸಲು ಹೋದರೆ ಕೀಲಿಗಳೇ ಸಾಲುವುದಿಲ್ಲ. ರಾವ್ ಅಕ್ಷರದ ಆಕಾರ ಬಿಟ್ಟು ಉಚ್ಚಾರಣೆಯನ್ನು ಹಿಡಿದರು. ಮೂಲಾಕ್ಷರಗಳಿಗೆ ಕೀಲಿ ಕೊಟ್ಟು, ಒತ್ತು ತರಲು ‘ಎಫ್’ ಕೀಲಿಯನ್ನು ಕೊಂಡಿಯಾಗಿಸಿದರು. ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಐದು ಸಲ ಒತ್ತಿದರೆ ‘ಕನ್ನಡ’ ಮೂಡುತ್ತದೆ. ಎರಡು ನ-ಗಳ ನಡುವೆ ಎಫ್ ಬಂದದ್ದರಿಂದ ಎರಡನೆಯದು ತಾನಾಗಿ ಒತ್ತಾಗುತ್ತದೆ, ಯಾವ ಆಕಾರ ಎಲ್ಲಿ ಕೂರಬೇಕೆಂಬುದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಕರ್ನಾಟಕ ಸರ್ಕಾರ ಇದೇ ವಿನ್ಯಾಸವನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ದಿನವಿಡೀ ಇದರಲ್ಲೇ ಬೆರಳಾಡಿಸುವವರು ಇದನ್ನು ನುಡಿ ಕೀಲಿಮಣೆ ಎನ್ನುತ್ತಾರೆ. ಕೆ.ಪಿ. ರಾವ್ ಕೀಲಿಮಣೆ ಎಂದು ಕರೆಯುವುದೇ ಸರಿ.