ಮಗು ಮಲಗಿದಾಗ ಮನೆಕೆಲಸ ಆಗಿಬಿಡುತ್ತದೆಯೇ?

ಗಂಡ ಹೆಂಡತಿ ಇಬ್ಬರೂ ದುಡಿಯುವ ಬೆಂಗಳೂರಿನ ಮನೆಗಳಲ್ಲಿ ಹೆರಿಗೆ ರಜೆ ಮುಗಿಯುತ್ತಿದ್ದಂತೆ ಹುಡುಕಾಟ ಶುರುವಾಗುತ್ತದೆ. ‘ದಿನಕ್ಕೆ ನಾಲ್ಕೈದು ಗಂಟೆ ಬಂದು ಮಗು ನೋಡ್ಕೊಂಡು, ಹಾಗೇ ಕಸ, ಪಾತ್ರೆ, ನೆಲ ಒರೆಸೋದೂ ಮಾಡೋರು ಯಾರಾದ್ರೂ ಇದ್ದಾರಾ?’ ತಪ್ಪು ಲೆಕ್ಕ ಶುರುವಾಗುವುದು ಆ ‘ಹಾಗೇ’ ಎಂಬಲ್ಲಿ.

ಮಗು ಮಲಗಿರುತ್ತದಲ್ಲ, ಅಷ್ಟರಲ್ಲಿ ಮನೆಕೆಲಸ ಮುಗಿಯುತ್ತದೆ ಎಂಬುದು ಬಹಳ ಮಂದಿಯ ನಂಬಿಕೆ. ಎಲ್ಲಕ್ಕಿಂತ ಅಪಾಯದ ನಂಬಿಕೆಯೂ ಇದೇ. ಹತ್ತು ತಿಂಗಳ ಮಗು ಗಡಿಯಾರ ನೋಡಿ ಏಳುವುದಿಲ್ಲ. ಹಾಲ್ ನಡುವೆ ನೆಲ ಒರೆಸುವ ಬಕೆಟ್ ಇದೆ, ಕೆಲಸದವರು ಸೋಫಾದ ಕೆಳಗೆ ಬಗ್ಗಿ ಒರೆಸುತ್ತಿದ್ದಾರೆ, ಬೆನ್ನು ಈ ಕಡೆಗಿದೆ. ಎದ್ದ ಮಗು ಅಂಬೆಗಾಲಿಟ್ಟು ಬಂದು, ಬಕೆಟ್ಟಿನ ಅಂಚು ಹಿಡಿದು ನಿಂತು, ನೀರಲ್ಲಿ ತೇಲುವ ಬಟ್ಟೆಗೆ ಕೈ ಚಾಚುತ್ತದೆ. ಆ ವಯಸ್ಸಿನಲ್ಲಿ ಮೈಯ ಅಳತೆಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಮುಗ್ಗರಿಸಿದರೆ ತಾನಾಗಿ ಮೇಲೇಳಲು ಆಗುವುದಿಲ್ಲ. ಎರಡಿಂಚು ನೀರಿದ್ದರೂ ಸಾಕು. ಕೂಗಾಟವಾಗಲಿ, ನೀರು ಎರಚಾಡುವ ಸದ್ದಾಗಲಿ ಕೇಳಿಸದೆ ಹೋಗಬಹುದು. ಸ್ವಂತ ಮನೆಯಾದರೆ ಸಂಪಿನ ಮುಚ್ಚಳದ ಚಿಂತೆ ಬೇರೆ.

ಹಾಗಾಗಿ ಮಗು ನೋಡಿಕೊಳ್ಳುವುದೇ ಒಂದು ಪೂರ್ತಿ ಕೆಲಸ. ಮಗು ಮಲಗಿದಾಗ ಅದರ ಬಟ್ಟೆ ಮಡಿಸಿಡುವುದು, ಬಾಟಲಿ ತೊಳೆಯುವುದು, ಗಂಜಿ ಕಾಸುವುದು, ಇಷ್ಟನ್ನು ಕೇಳಬಹುದು. ಪಾತ್ರೆ, ನೆಲಕ್ಕೆ ಇನ್ನೊಬ್ಬರನ್ನು ಗೊತ್ತುಮಾಡಿ. ಅಷ್ಟು ಕೈಗೆಟುಕದಿದ್ದರೆ, ನೀವು ಮನೆಯಲ್ಲಿದ್ದು ಮಗುವನ್ನು ಎತ್ತಿಕೊಂಡಿರುವ ಅರ್ಧ ಗಂಟೆಯಲ್ಲೇ ನೆಲ ಒರೆಸಿಸಿಕೊಳ್ಳಿ. ಕೆಲಸ ಮುಗಿದೊಡನೆ ಬಕೆಟ್ ಖಾಲಿ ಮಾಡಿ ಬೋರಲು ಹಾಕಲಿ.

‘ಮೂರು ಮಕ್ಕಳನ್ನು ಸಾಕಿದವರಿಗೆ ನಾವೇನು ಹೇಳಿಕೊಡುವುದು?’ ಎಂದೂ ಕೇಳುತ್ತಾರೆ. ಅಳುವ ಮಗುವನ್ನು ಸಮಾಧಾನ ಮಾಡುವುದರಲ್ಲಿ ಅವರು ನಮಗಿಂತ ಎಷ್ಟೋ ಪಾಲು ಮೇಲಿರಬಹುದು. ಆದರೆ ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು, ಆರು ತಿಂಗಳವರೆಗೆ ಹಾಲಿನ ಹೊರತು ನೀರೂ ಬೇಡ, ಇಡೀ ಕಡಲೆಬೀಜ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬುದೆಲ್ಲ ಅನುಭವದಿಂದ ತಾನಾಗಿ ಬರುವ ತಿಳಿವಳಿಕೆಯಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜಿಯರಿಗೂ ಇದನ್ನು ಹೇಳಬೇಕಾಗುತ್ತದೆ. ವರ್ಷದೊಳಗಿನ ಮಗುವಿಗೆ ಏನಾದರೂ ಸಿಕ್ಕಿಕೊಂಡು ಉಸಿರು ಕಟ್ಟಿದರೆ, ಕಾಣದ ಗಂಟಲಿಗೆ ಬೆರಳು ಹಾಕದೆ, ಮುಂಗೈ ಮೇಲೆ ಬೋರಲಾಗಿ ತಲೆ ತಗ್ಗಿಸಿ ಮಲಗಿಸಿ ಬೆನ್ನಿನ ನಡುವೆ ಐದು ಸಲ ಬಲವಾಗಿ ತಟ್ಟಬೇಕು. ಇದನ್ನು ಗೊಂಬೆಯ ಮೇಲೆ ಮಾಡಿ ತೋರಿಸಿ, ಅವರಿಂದಲೂ ಮಾಡಿಸಿ. ಏನಾದರೂ ಆದರೆ ಮೊದಲು 108ಕ್ಕೆ ಕರೆ, ಆಮೇಲೆ ನಮಗೆ ಎಂದು ಬಾಯಿಬಿಟ್ಟು ಹೇಳಿರಬೇಕು. ಮೇಡಂ ಬೈಯುತ್ತಾರೇನೋ ಎಂಬ ಹೆದರಿಕೆಯಲ್ಲಿ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ.

ಪೊಲೀಸ್ ವೆರಿಫಿಕೇಶನ್ ಆಗಿದೆ ಎಂದು ನಿಶ್ಚಿಂತೆಯಿಂದ ಇರುವವರೂ ಇದ್ದಾರೆ. ಸೇವಾಸಿಂಧುವಿನಲ್ಲಿ ಅದಕ್ಕೆ ಅರ್ಜಿ ಹಾಕಬಹುದು, ಹಾಕಿ. ಅದರಿಂದ ತಿಳಿಯುವುದು ಕೇಸುಗಳೇನಾದರೂ ಇವೆಯೇ ಎಂಬುದಷ್ಟೇ. ತಾಳ್ಮೆ ಎಷ್ಟಿದೆ ಎಂಬುದಲ್ಲ. ಹಿಂದೆ ಕೆಲಸ ಮಾಡಿದ ಮನೆಯವರ ಜೊತೆ ಹತ್ತು ನಿಮಿಷ ಮಾತು, ನೀವು ಮನೆಯಲ್ಲಿರುವಾಗಲೇ ಒಂದು ವಾರದ ಕೆಲಸ, ಇವೆರಡು ಹೆಚ್ಚು ಹೇಳುತ್ತವೆ. ಕ್ಯಾಮೆರಾ ಇಡುವುದಾದರೆ ಅವರಿಗೆ ತಿಳಿಸಿಯೇ ಇಡಬೇಕು.

ಇನ್ನು ಸಂಬಳ. ಮನೆಗೆಲಸಕ್ಕೆ ಕಾನೂನು ಎಲ್ಲಿದೆ, ಒಪ್ಪಿಕೊಂಡಷ್ಟು ಕೊಟ್ಟರಾಯಿತು ಎನ್ನುವ ಮಾತು ನಿಜವಲ್ಲ. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿತು; ತುಟ್ಟಿಭತ್ಯೆಯ ಲೆಕ್ಕದಲ್ಲಿ ಆ ದರ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ನಿಮ್ಮ ಮನೆ ಅವರ ಕೆಲಸದ ಸ್ಥಳ. ಅಲ್ಲಿ ಕಿರುಕುಳವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಆದರೆ ವಾರದ ರಜೆ, ಹುಷಾರಿಲ್ಲದ ದಿನದ ಸಂಬಳ ಇವೆಲ್ಲ ಇವತ್ತಿಗೂ ಬಹುಪಾಲು ಮನೆಯೊಡತಿಯ ಮನಸ್ಸಿನ ಮೇಲೇ ನಿಂತಿವೆ. ಜ್ವರ ಬಂದ ದಿನಕ್ಕೆ ಸಂಬಳ ಹಿಡಿದರೆ ಅವರು ಜ್ವರದಲ್ಲೇ ಕೆಲಸಕ್ಕೆ ಬಂದು ನಿಮ್ಮ ಮಗುವನ್ನೇ ಎತ್ತಿಕೊಳ್ಳುತ್ತಾರೆ. ತಿಂಗಳಿಗೆ ಇಂತಿಷ್ಟು ಸಂಬಳಸಹಿತ ರಜೆ, ನೀವು ಊರಿಗೆ ಹೋದ ದಿನಗಳಿಗೂ ಪೂರ್ತಿ ಸಂಬಳ, ತಡವಾದ ಪ್ರತಿ ಗಂಟೆಗೆ ಇಷ್ಟು ಎಂದು ಮೊದಲ ದಿನವೇ ಬರೆದಿಡುವುದು ಸರಿ.

‘ಮಗು ಅವರನ್ನೇ ಹಚ್ಚಿಕೊಂಡರೆ ನನ್ನನ್ನು ಮರೆಯುತ್ತದೆ’ ಎಂದು ತಾಯಂದಿರು ಸಂಕಟಪಡುವುದನ್ನು ಕೇಳಿದರೆ ಮನಸ್ಸಿಗೆ ನೋವಾಗುತ್ತದೆ. ಮಗು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಳ್ಳಬಲ್ಲದು, ಅದರಿಂದ ತಾಯಿಯ ಪಾಲು ಕಡಿಮೆಯಾಗುವುದಿಲ್ಲ. ಮಗುವಿಗೆ ಕಷ್ಟವಾಗುವುದು ಎರಡು ತಿಂಗಳಿಗೊಮ್ಮೆ ಎತ್ತಿಕೊಳ್ಳುವ ಕೈ ಬದಲಾದರೆ. ಐನೂರು ರೂಪಾಯಿಗೆ ಚೌಕಾಸಿ ಮಾಡುವವರು ಇದನ್ನು ಯೋಚಿಸಬೇಕು.

ಕೊನೆಯದು, ‘ಊರಿಂದ ಹನ್ನೆರಡರ ಹುಡುಗಿಯನ್ನು ಕರೆಸಿಕೊಳ್ಳುತ್ತೇವೆ, ಮಗು ಆಡಿಸಿಕೊಂಡಿರಲಿ, ನಾವೇ ಓದಿಸುತ್ತೇವೆ’ ಎಂಬ ಮಾತು. ಹದಿನಾಲ್ಕರೊಳಗಿನ ಮಕ್ಕಳಿಂದ ಮನೆಗೆಲಸ ಮಾಡಿಸುವುದನ್ನು 2006ರ ಅಕ್ಟೋಬರ್‌ನಿಂದಲೇ ನಿಷೇಧಿಸಲಾಗಿದೆ. 2016ರ ತಿದ್ದುಪಡಿಯ ನಂತರ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಓದಿಸುವ ಮನಸ್ಸು ನಿಜವಾಗಿಯೂ ಇದ್ದರೆ ಆ ಹುಡುಗಿಯ ಶಾಲೆಯ ಖರ್ಚನ್ನು ಅವಳ ಊರಿಗೇ ಕಳಿಸಬಹುದು. ಪಕ್ಕದ ಮನೆಯಲ್ಲಿ ಅಂಥ ಮಗು ಕೆಲಸಕ್ಕಿರುವುದು ಕಂಡರೆ 1098ಕ್ಕೆ ಫೋನ್ ಮಾಡಿ. ಹಗಲಿರುಳೆನ್ನದೆ ಯಾವ ಹೊತ್ತಿಗೂ ಮಾಡಬಹುದು, ಕರೆಗೆ ಹಣವಿಲ್ಲ.