ಸ್ಪ್ರೇ ಹೊಡೆದರೆ ಲೈಟ್ ಹತ್ತುತ್ತದೆ, ದೋಷ ಹೋಗುತ್ತದೆಯೇ?

ಮಳೆ ಶುರುವಾದರೆ ಬೈಕಿನ ಇಂಡಿಕೇಟರ್, ಹಾರ್ನ್ ಕೈಕೊಡುವುದು ನಮ್ಮ ನರೋಣಾದಲ್ಲಿ ಎಲ್ಲರಿಗೂ ಗೊತ್ತು. ಆಗ ಕಪ್ಲರ್ ಬಿಚ್ಚಿ ಸ್ಪ್ರೇ ಹೊಡೆಯುತ್ತಾರೆ. ಲೈಟ್ ಹತ್ತುತ್ತದೆ. ಕೆಲವು ದಿನಗಳ ನಂತರ ಮತ್ತೆ ಅದೇ ತೊಂದರೆ. ಯಾಕೆ ಹೀಗೆ?

ಇಂಥ ಸ್ಪ್ರೇಗಳಲ್ಲಿ ಹೆಸರಾದದ್ದು ಡಬ್ಲ್ಯೂಡಿ-40. ಇದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಾಯಿತು. 'ನೀರು ಹೊರದೂಡುವ 40ನೇ ಸೂತ್ರ' ಎಂಬುದು ಹೆಸರಿನ ಅರ್ಥ. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ಇದನ್ನು ಬಳಸಿದರು. ಅಂದರೆ ತೇವ ತೆಗೆಯುವುದೇ ಇದರ ಮೂಲ ಕೆಲಸ.

ಆದರೆ ಕನೆಕ್ಷನ್ ಕೆಡಲು ತೇವ ಒಂದೇ ಕಾರಣವಲ್ಲ. ಪಿನ್ನಿಗೆ ಹಸಿರು ಕಿಲುಬು ಹಿಡಿದಿರಬಹುದು, ಪಿನ್ ಸಡಿಲವಾಗಿರಬಹುದು, ವೈರ್ ಒಳಗೇ ತುಂಡಾಗಿರಬಹುದು. ಕಬ್ಬಿಣಕ್ಕೆ ತುಕ್ಕು, ತಾಮ್ರ-ಹಿತ್ತಾಳೆಗೆ ಕಿಲುಬು ಎಂದು ಕನ್ನಡದಲ್ಲಿ ಬೇರೆ ಬೇರೆ ಪದಗಳಿವೆ; ನಮ್ಮ ಮನೆಯಲ್ಲಿ ಎರಡಕ್ಕೂ 'ಜಂಗ್' ಎನ್ನುತ್ತೇವೆ. ಗಟ್ಟಿಯಾದ ಕಿಲುಬನ್ನು ಸ್ಪ್ರೇ ತೆಗೆಯುವುದಿಲ್ಲ, ಸಡಿಲ ಪಿನ್ನನ್ನು ಬಿಗಿ ಮಾಡುವುದಿಲ್ಲ. ಎಷ್ಟೋ ಸಲ ಕಪ್ಲರ್ ಬಿಚ್ಚಿ ಹಾಕಿದಾಗ ಪಿನ್ ಉಜ್ಜಿಕೊಂಡಿದ್ದಕ್ಕೇ ಲೈಟ್ ಹತ್ತಿರುತ್ತದೆ. ಉಳಿದ ಎಣ್ಣೆ ಪದರಕ್ಕೆ ನಮ್ಮೂರಿನ ಧೂಳು ಅಂಟುತ್ತದೆ.

12 ವೋಲ್ಟಿನ 35 ವ್ಯಾಟ್ ಹೆಡ್‌ಲೈಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ. ಕನೆಕ್ಷನ್‌ನಲ್ಲಿ 1 ಓಮ್ ಅಡ್ಡಿ ಇದ್ದರೂ 2 ವೋಲ್ಟಿಗಿಂತ ಹೆಚ್ಚು ಅಲ್ಲೇ ಖರ್ಚು. ಬೆಳಕು ಮಂದ, ಕಪ್ಲರ್ ಬಿಸಿ. ಹೀಗೇ ಬಿಟ್ಟರೆ ಪ್ಲಾಸ್ಟಿಕ್ ಕರಗುತ್ತದೆ.

ಸರಿಯಾದ ಕ್ರಮ ಇಷ್ಟೇ. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ಬಿಚ್ಚಬೇಕು. ಪಿನ್ನನ್ನು ಎಣ್ಣೆ ಉಳಿಸದ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು ಪೂರ್ತಿ ಒಣಗಿಸಬೇಕು. ಸಡಿಲ ಅಥವಾ ಸುಟ್ಟ ಪಿನ್ ಬದಲಿಸಬೇಕು. ಬ್ಯಾಟರಿ ಟರ್ಮಿನಲ್ಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ನೀರಿನಿಂದ ಒರೆಸಿ, ಒಣಗಿಸಿ, ಬಿಗಿ ಮಾಡಿದ ಮೇಲೆ ಹೊರಗೆ ವ್ಯಾಸಲೀನ್ ಹಚ್ಚಬಹುದು. ಸ್ಪ್ರೇಗೆ ಬೆಂಕಿ ಬೇಗ ಹತ್ತುತ್ತದೆ. ಬಿಸಿ ಸೈಲೆನ್ಸರ್, ಕಿಡಿಯ ಹತ್ತಿರ ಬೇಡ. ಬ್ರೇಕಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಕಾಮರ್ಸ್‌ನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಮೊತ್ತ ಕೂಡುತ್ತದೆ, ತಪ್ಪು ಒಳಗೇ ಇರುತ್ತದೆ. ಸ್ಪ್ರೇ ಕೂಡ ಹಾಗೆಯೇ. ದಾರಿಯಲ್ಲಿ ಮಳೆಗೆ ನಿಂತ ಗಾಡಿಯನ್ನು ಮನೆ ಮುಟ್ಟಿಸಲು ಅದು ಸಾಕು. ಮರುದಿನ ದೋಷ ಹುಡುಕಲೇಬೇಕು. ತೊಗರಿ ರಾಶಿಯ ಕಾಲದಲ್ಲಿ ರಾತ್ರಿ ಓಡುವ ಟ್ರ್ಯಾಕ್ಟರ್ ಟ್ರಾಲಿಯ ಹಿಂದಿನ ಲೈಟ್ ನಡುದಾರಿಯಲ್ಲಿ ಆರಿದರೆ, ಹಿಂದೆ ಬರುವ ಬೈಕಿನವನಿಗೆ ಟ್ರಾಲಿ ಕಾಣುವುದೇ ಇಲ್ಲ.