ಇನ್ನೂರರಲ್ಲಿ ಒಂದು ಪಾಲಿನ ಟೈಟಾನಿಕ್

ಟೈಟಾನಿಕ್ ಹಡಗಿನ ಉದ್ದ 269 ಮೀಟರ್. ಇನ್ನೂರರಿಂದ ಭಾಗಿಸಿದರೆ ಸುಮಾರು 1.35 ಮೀಟರ್. ಮನೆಯ ಊಟದ ಮೇಜು ಪೂರ್ತಿ ಹಿಡಿಯುವಷ್ಟು. ಈ ಅಳತೆಯಲ್ಲಿ ಡೆಕ್ಕಿನ ಮೇಲೆ ನಿಂತ ಆಳಿನ ಎತ್ತರ ಒಂಬತ್ತು ಮಿಲಿಮೀಟರಿನ ಆಸುಪಾಸು. ಒಡಲಿಗೆ ಹೊದಿಸಿದ್ದ ಒಂದಂಗುಲ ದಪ್ಪದ ಉಕ್ಕಿನ ತಗಡು ಇಲ್ಲಿ ಮಿಲಿಮೀಟರಿನ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಚೀನಾದ ಟ್ರಂಪೀಟರ್ ಕಂಪನಿ 2020ರಲ್ಲಿ ಹೊರತಂದ ಟೈಟಾನಿಕ್ ಕಿಟ್ ಇದೇ ಅಳತೆಯದು. ಪ್ರಯಾಣಿಕ ಹಡಗೊಂದು ಇಷ್ಟು ದೊಡ್ಡ ಗಾತ್ರದಲ್ಲಿ ಪ್ಲಾಸ್ಟಿಕ್ ಕಿಟ್ಟಾಗಿ ಪೆಟ್ಟಿಗೆಯಲ್ಲಿ ಸಿಗುವುದು ಅಪರೂಪ.

ಇದನ್ನು ಆಟಿಕೆ ಎಂದುಕೊಂಡವರು ಕಟ್ಟುವವರ ಮೇಜನ್ನೊಮ್ಮೆ ನೋಡಬೇಕು. ಅಂಟು, ಬಣ್ಣ, ಚಾಕುಗಳು ಹಿಡಿದಷ್ಟೇ ಜಾಗವನ್ನು ಅಲ್ಲಿ ಹಳೆಯ ಫೋಟೊಗಳು ಮತ್ತು ಹಡಗುಕಟ್ಟೆಯ ನಕ್ಷೆಗಳ ಪ್ರತಿಗಳು ಹಿಡಿದಿರುತ್ತವೆ. ಹಡಗಿನ ಬಗ್ಗೆ ಬರೆಯುವವರು ಖಚಿತವಿಲ್ಲದ ಸಂಗತಿಯನ್ನು ಬದಿಗಿಟ್ಟು ಮುಂದೆ ಹೋಗಬಹುದು. ಮಾದರಿ ಕಟ್ಟುವವರಿಗೆ ಆ ಸೌಕರ್ಯವಿಲ್ಲ. ಪ್ರೊಪೆಲ್ಲರಿಗೆ ಅಲಗು ಮೂರೋ ನಾಲ್ಕೋ, ಹೊಗೆಕೊಳವೆಯ ಬಣ್ಣ ಎಷ್ಟು ಗಾಢ, ಈ ಕಿಟಕಿ ಇಲ್ಲಿತ್ತೋ ಇಲ್ಲವೋ ಎಂಬ ಒಂದೊಂದು ಪ್ರಶ್ನೆಗೂ ಅವರು ಉತ್ತರವೊಂದನ್ನು ಆರಿಸಿ ಅಂಟಿಸಲೇಬೇಕು. ಈ ಕಲೆಯ ಘನತೆ ಇರುವುದೇ ಅಲ್ಲಿ.

ಹಡಗುಕಟ್ಟೆಯಿಂದ ಮನೆಯ ಮೇಜಿಗೆ

ಹವ್ಯಾಸವಾಗುವ ಮೊದಲು ಹಡಗಿನ ಮಾದರಿ ವ್ಯಾಪಾರಕ್ಕೆ ಬೇಕಾದ ವಸ್ತುವಾಗಿತ್ತು. ಹಡಗಿನ ಮಾಲೀಕರಿಗೆ ತೋರಿಸಲು, ವಸ್ತುಪ್ರದರ್ಶನಗಳಲ್ಲಿ ಇಡಲು, ಟಿಕೆಟ್ ಕಚೇರಿಯ ಗಾಜಿನ ಹಿಂದೆ ನಿಲ್ಲಿಸಿ ಪ್ರಯಾಣಿಕರನ್ನು ಸೆಳೆಯಲು ಕಂಪನಿಗಳು ದೊಡ್ಡ ದೊಡ್ಡ ಮಾದರಿಗಳನ್ನು ಮಾಡಿಸುತ್ತಿದ್ದವು. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಸಂಸ್ಥೆ ಈ ಕೆಲಸದಲ್ಲಿ ಹೆಸರು ಮಾಡಿತ್ತು. ಟೈಟಾನಿಕ್ ಕಟ್ಟಿದ ಬೆಲ್‌ಫಾಸ್ಟಿನ ಹಾರ್ಲ್ಯಾಂಡ್ ಅಂಡ್ ವುಲ್ಫ್ ಹಡಗುಕಟ್ಟೆಯೇ ತಯಾರಿಸಿದ ಸುಮಾರು 6 ಮೀಟರ್ ಉದ್ದದ ಮಾದರಿಯೊಂದು ಲಿವರ್‌ಪೂಲಿನ ಕಡಲ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಒಲಿಂಪಿಕ್ ಮತ್ತು ಟೈಟಾನಿಕ್ ಎಂಬ ಅಕ್ಕತಂಗಿ ಹಡಗುಗಳೆರಡಕ್ಕೂ ಆಗಲೆಂದು ಮಾಡಿದ ಅದನ್ನು ಮುಂದೆಯೂ ಅಗತ್ಯ ಬಿದ್ದಂತೆ ತಿದ್ದಲಾಯಿತು.

ಎರಡನೇ ಮಹಾಯುದ್ಧದ ನಂತರ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸಿ ಉಕ್ಕಿನ ಅಚ್ಚಿಗೆ ನುಗ್ಗಿಸುವ ತಂತ್ರ ಹರಡಿತು. ಬ್ರಿಟನ್ನಿನ ಏರ್‌ಫಿಕ್ಸ್, ಅಮೆರಿಕದ ರೆವೆಲ್ ಕಂಪನಿಗಳು ಹಡಗುಗಳನ್ನು ಪೆಟ್ಟಿಗೆಗೆ ತುಂಬಿ ಮನೆಮನೆಗೆ ತಲುಪಿಸಿದವು. 1970ರ ದಶಕದಲ್ಲಿ ಟೈಟಾನಿಕ್ ಕಿಟ್‌ಗಳು ಬಂದಾಗ ಆ ಹಡಗು ಕಡಲಿನಲ್ಲಿ ಎಲ್ಲಿ ಬಿದ್ದಿದೆ ಎಂಬುದೇ ಯಾರಿಗೂ ತಿಳಿದಿರಲಿಲ್ಲ. 1985ರ ಸೆಪ್ಟೆಂಬರ್ 1ರಂದು ರಾಬರ್ಟ್ ಬಲ್ಲಾರ್ಡ್ ಮತ್ತು ಜಾನ್-ಲೂಯಿ ಮಿಶೆಲ್ ನೇತೃತ್ವದ ತಂಡ ಸುಮಾರು 3,800 ಮೀಟರ್ ಆಳದಲ್ಲಿ ಅದನ್ನು ಕಂಡಿತು. ಅದೇ ವರ್ಷ ಇನ್ನೊಂದು ನಿಧಿ ಸಿಕ್ಕಿತು. ಫ್ರಾನ್ಸಿಸ್ ಬ್ರೌನ್ ಎಂಬ ಐರಿಷ್ ಜೆಸ್ಯುಯಿಟ್ 1912ರ ಏಪ್ರಿಲ್‌ನಲ್ಲಿ ಸೌತಾಂಪ್ಟನ್ನಿನಲ್ಲಿ ಹಡಗು ಹತ್ತಿ, ಮರುದಿನ ಐರ್ಲೆಂಡಿನ ಕ್ವೀನ್ಸ್‌ಟೌನಿನಲ್ಲಿ ಇಳಿದುಹೋಗಿದ್ದರು. ಆ ನಡುವೆ ಅವರು ತೆಗೆದ ಫೋಟೊಗಳ ನೆಗೆಟಿವ್‌ಗಳು, ಅವರು ತೀರಿಕೊಂಡು 25 ವರ್ಷಗಳಾದ ಮೇಲೆ ಪೆಟ್ಟಿಗೆಯೊಂದರಲ್ಲಿ ದೊರೆತವು. ಮಾದರಿ ಕಟ್ಟುವವರ ಕೈಗೆ ಹೊಸ ಸಾಕ್ಷ್ಯಗಳು ಬಂದವು. ಅವರ ಹೊಣೆಯೂ ಹೆಚ್ಚಿತು.

ಒಡಲು, ಬೆಳಕು, ಬಣ್ಣ

ಭಾಗಗಳು ಸ್ಪ್ರೂ ಎನ್ನುವ ಪ್ಲಾಸ್ಟಿಕ್ ಚೌಕಟ್ಟಿಗೆ ಕಚ್ಚಿಕೊಂಡೇ ಬರುತ್ತವೆ. ನಿಪ್ಪರಿನಿಂದ ಬಿಡಿಸಿ, ಕತ್ತರಿಸಿದ ಗುರುತನ್ನು ಉಜ್ಜಿ, ಅಂಟು ಹಾಕುವ ಮೊದಲು ಒಣದಾಗಿ ಜೋಡಿಸಿ ನೋಡುವುದು ಮೊದಲ ಪಾಠ. ಇಲ್ಲಿ ಬಳಸುವ ನೀರಿನಂಥ ಅಂಟು ಎರಡೂ ಬದಿಯ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಒಮ್ಮೆ ಕೂತದ್ದನ್ನು ಕೀಳುವುದು ಕಷ್ಟ.

ನಿಜವಾದ ಹಡಗಿನ ಉಕ್ಕಿನ ತಗಡುಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಬರುವಂತೆ ಕೂರಿಸಿ ರಿವೆಟ್ ಹೊಡೆದಿದ್ದರು. ಹಡಗಿಗೆ ಬಿದ್ದ ರಿವೆಟ್‌ಗಳೇ ಸುಮಾರು 30 ಲಕ್ಷ. ಕಿಟ್‌ನ ಒಡಲಿನ ಮೇಲೆ ಈ ತಗಡಿನ ಸಾಲುಗಳು ಏಣುಗಳಾಗಿ ಮೂಡಿರುತ್ತವೆ. ಪ್ಲಾಸ್ಟಿಕ್ ಅಚ್ಚಿನಲ್ಲಿ ಇಂಥ ಏಣುಗಳು ಅಳತೆಗಿಂತ ದಪ್ಪವಾಗುವುದು ಸಾಮಾನ್ಯ. ಅನುಭವಿಗಳು ನುಣುಪಾದ ಎಮರಿ ಪೇಪರನ್ನು ನೀರಿನಲ್ಲಿ ಅದ್ದಿ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುವಷ್ಟಕ್ಕೆ ಅವನ್ನು ಇಳಿಸುತ್ತಾರೆ.

ಬೆಳಕಿನ ಯೋಜನೆ ಡೆಕ್ ಮುಚ್ಚುವ ಮೊದಲೇ ಮುಗಿದಿರಬೇಕು. ಟ್ರಂಪೀಟರ್ ಕಿಟ್‌ನೊಂದಿಗೆ ಎಲ್‌ಇಡಿ ದೀಪಗಳೂ ಬರುತ್ತವೆ. ತೆಳು ಪ್ಲಾಸ್ಟಿಕ್ಕಿನ ಮೂಲಕ ಬೆಳಕು ಹಾಯುವುದರಿಂದ, ಸುಮ್ಮನೆ ದೀಪ ಹಾಕಿದರೆ ಇಡೀ ಹಡಗೇ ಹೊಳೆಯುತ್ತದೆ. ಅದಕ್ಕಾಗಿ ಒಳಗೋಡೆಗೆ ಮೊದಲು ಕಪ್ಪು ಬಳಿದು ಬೆಳಕನ್ನು ತಡೆದು, ಅದರ ಮೇಲೆ ಬಿಳಿ ಬಳಿದು ಬೆಳಕು ಒಳಗೆಲ್ಲ ಹರಡುವಂತೆ ಮಾಡುತ್ತಾರೆ. ದುಂಡು ಕಿಂಡಿಗಳನ್ನು ಒಂದೊಂದಾಗಿ ಕೊರೆದು, ಒಣಗಿದಾಗ ಪಾರದರ್ಶಕವಾಗುವ ಬಿಳಿ ಅಂಟಿನ ಹನಿಯನ್ನು ಕಡ್ಡಿಯ ತುದಿಯಿಂದ ಅದರೊಳಗೆ ಇಟ್ಟರೆ ಗಾಜು ಸಿದ್ಧ. ನೂರಾರು ಕಿಂಡಿಗಳಿಗೂ ಇದೇ ಕ್ರಮ.

ನೀರಿನೊಳಗಿನ ಭಾಗಕ್ಕೆ ಕೆಂಪು, ಮೇಲಿನ ಒಡಲಿಗೆ ಕಪ್ಪು, ಅದರ ಮೇಲಿನ ಮಹಡಿಗಳಿಗೆ ಬಿಳಿ, ಕಪ್ಪುಬಿಳುಪಿನ ನಡುವೆ ತೆಳುವಾದ ಹಳದಿ ಗೆರೆ. ಮಾಸ್ಕಿಂಗ್ ಟೇಪ್ ಹಚ್ಚಿ ಏರ್‌ಬ್ರಷ್‌ನಿಂದ ಒಂದೊಂದೇ ಬಣ್ಣ ಸಿಂಪಡಿಸುತ್ತಾರೆ. ಕಪ್ಪೆಂದರೆ ಡಬ್ಬಿಯ ಕಪ್ಪಲ್ಲ. ದೂರದಿಂದ ಕಾಣುವ ದೊಡ್ಡ ವಸ್ತುವಿನ ಬಣ್ಣ ಗಾಳಿಯ ಪದರದಿಂದಾಗಿ ಕೊಂಚ ಮಂಕಾಗಿರುತ್ತದೆ. ಆದ್ದರಿಂದ ಚಿಕ್ಕ ಮಾದರಿಗೆ ಕಪ್ಪಿನಲ್ಲಿ ಸ್ವಲ್ಪ ಬೂದು ಬೆರೆಸಿದಾಗಲೇ ಅದು ಹಡಗಿನಂತೆ ದೊಡ್ಡದಾಗಿ ಕಾಣುತ್ತದೆ. ಹೊಗೆಕೊಳವೆಗಳಲ್ಲೂ ವ್ಯತ್ಯಾಸವಿದೆ. ನಾಲ್ಕರಲ್ಲಿ ಮುಂದಿನ ಮೂರು ಬಾಯ್ಲರುಗಳ ಹೊಗೆ ಉಗುಳುತ್ತಿದ್ದವು. ನಾಲ್ಕನೆಯದು ಮುಖ್ಯವಾಗಿ ಗಾಳಿಯಾಟಕ್ಕಿತ್ತು. ತಿಳಿದವರು ಅದರ ಬಾಯಿಗೆ ಮಸಿ ಹಚ್ಚುವುದಿಲ್ಲ.

ಹಿತ್ತಾಳೆಯ ಕೆಲಸ

ಪ್ಲಾಸ್ಟಿಕ್ ಅಚ್ಚಿನಿಂದ ಆಗದ ಕೆಲಸವೂ ಇದೆ. ಇನ್ನೂರರ ಅಳತೆಯಲ್ಲಿ ರೇಲಿಂಗಿನ ಸರಳು ಕೂದಲಿನ ಹತ್ತಿರ ಬರುತ್ತದೆ. ಅಷ್ಟು ಸಪೂರವಾಗಿ ಪ್ಲಾಸ್ಟಿಕ್ ಎರಕವಾಗುವುದಿಲ್ಲ, ಎರಕವಾದರೂ ನಿಲ್ಲುವುದಿಲ್ಲ. ಇದಕ್ಕೆ ಸಿಕ್ಕ ಪರಿಹಾರ ಫೋಟೊ-ಎಚ್. ತೆಳು ಹಿತ್ತಾಳೆ ಹಾಳೆಗೆ ಬೆಳಕಿಗೆ ಗಟ್ಟಿಯಾಗುವ ಲೇಪ ಬಳಿದು, ನಕ್ಷೆಯ ಫಿಲ್ಮ್ ಇಟ್ಟು ಬೆಳಕು ಹಾಯಿಸುತ್ತಾರೆ. ಗಟ್ಟಿಯಾಗದ ಲೇಪವನ್ನು ತೊಳೆದು ರಾಸಾಯನಿಕದ ದ್ರಾವಣಕ್ಕೆ ಹಾಕಿದರೆ ಬಯಲಾದ ಲೋಹ ಕರಗಿ, ರೇಲಿಂಗು, ಏಣಿ, ಕಿಟಕಿಯ ಚೌಕಟ್ಟುಗಳು ಉಳಿಯುತ್ತವೆ. ದೊಡ್ಡ ಕಿಟ್‌ಗಳಿಗಾಗಿ ಇಂಥ ಹಿತ್ತಾಳೆ ಹಾಳೆಗಳನ್ನೂ ತೆಳು ಮರದ ಡೆಕ್‌ಗಳನ್ನೂ ಪ್ರತ್ಯೇಕವಾಗಿ ಮಾರುವ ಕಂಪನಿಗಳಿವೆ.

ಹಿತ್ತಾಳೆಯನ್ನು ಮಡಿಸಲು ಚಿಕ್ಕ ಇಕ್ಕಳ, ಅಂಟಿಸಲು ಸೂಪರ್ ಗ್ಲೂ, ಹಿಡಿಯಲು ಚಿಮುಟ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಆತುರವಿಲ್ಲದ ಕೈ ಬೇಕು. ಜೀವರಕ್ಷಕ ದೋಣಿಗಳನ್ನು ಇಡುವಾಗ ಇತಿಹಾಸ ಬೆರಳಿನ ತುದಿಗೇ ಬರುತ್ತದೆ. ಇದ್ದದ್ದು ಇಪ್ಪತ್ತು ದೋಣಿ: 14 ದೊಡ್ಡವು, 2 ಚಿಕ್ಕವು, 4 ಮಡಚುವಂಥವು. ಅವನ್ನು ಒಂದೊಂದಾಗಿ ನಿಲ್ಲಿಸಿ ಮುಗಿಸಿದಾಗ, ಎರಡು ಸಾಲುಗಳ ನಡುವೆ ಡೆಕ್ಕಿನ ಅಂಚಿನಲ್ಲಿ ಎಷ್ಟು ಜಾಗ ಖಾಲಿ ಉಳಿದಿತ್ತು ಎಂಬುದು ಯಾವ ಪುಸ್ತಕಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ.

ತಂತಿ ಎಳೆಯುವುದು ಕಟ್ಟಕಡೆಯ ಕೆಲಸ. ಎರಡು ಕೂವೆಮರಗಳ ನಡುವಿನ ಮಾರ್ಕೋನಿ ರೇಡಿಯೊ ತಂತಿಗಳು ಮತ್ತು ಹೊಗೆಕೊಳವೆಗಳನ್ನು ಬಿಗಿದ ತಂತಿಗಳಿಗೆ ಸಪೂರ ಎಲಾಸ್ಟಿಕ್ ದಾರ ಬಳಸುತ್ತಾರೆ. ಸ್ಪ್ರೂ ತುಂಡನ್ನು ಮೇಣದಬತ್ತಿಯ ಮೇಲೆ ಮೆತ್ತಗೆ ಮಾಡಿ ಎಳೆದು ದಾರ ತೆಗೆಯುವ ಹಳೆಯ ಕ್ರಮ ಇಂದಿಗೂ ಇದೆ.

ಯಾವ ಹಡಗು, ಯಾವ ದಿನ?

ಕೈಕೆಲಸಕ್ಕಿಂತ ಕಠಿಣವಾದದ್ದು ಈ ಪ್ರಶ್ನೆ. ಟೈಟಾನಿಕ್‌ನ ಫೋಟೊಗಳು ಕಡಿಮೆ. ಅದರದೆಂದು ಅಚ್ಚಾಗುವ ಎಷ್ಟೋ ಚಿತ್ರಗಳು ಒಲಿಂಪಿಕ್‌ನವು. ಹಾರ್ಲ್ಯಾಂಡ್ ಅಂಡ್ ವುಲ್ಫ್‌ನ ಫೋಟೊಗ್ರಾಫರ್ ರಾಬರ್ಟ್ ವೆಲ್ಚ್ ಮೊದಲು ಬಂದ ಅಕ್ಕನ ಚಿತ್ರಗಳನ್ನೇ ಹೆಚ್ಚು ತೆಗೆದಿದ್ದರು. ಎರಡಕ್ಕೂ ಇರುವ ವ್ಯತ್ಯಾಸ ತಿಳಿಯದೆ ಕಟ್ಟಿದರೆ ಟೈಟಾನಿಕ್ ಎಂಬ ಹೆಸರು ಹೊತ್ತ ಒಲಿಂಪಿಕ್ ಸಿದ್ಧವಾಗುತ್ತದೆ. ಟೈಟಾನಿಕ್‌ನ ಎ ಡೆಕ್ಕಿನ ಮುಂದಿನ ಅರ್ಧಕ್ಕೆ ಗಾಳಿ, ನೀರಿನ ತುಂತುರು ತಡೆಯಲು ಕಿಟಕಿಯುಳ್ಳ ಮರೆ ಕಟ್ಟಿದ್ದರು. ಒಲಿಂಪಿಕ್‌ನಲ್ಲಿ ಅದು ಉದ್ದಕ್ಕೂ ತೆರೆದಿತ್ತು. ಬಿ ಡೆಕ್ಕಿನ ಕಿಟಕಿಗಳು ಟೈಟಾನಿಕ್‌ನಲ್ಲಿ ಸಮ ಅಂತರದಲ್ಲಿಲ್ಲ. ಮುಂಭಾಗದ ಎಡಬದಿಯ ಒಂದು ಸಾಲಿನಲ್ಲಿ ದುಂಡು ಕಿಂಡಿಗಳು ಟೈಟಾನಿಕ್ ನೀರಿಗಿಳಿದಾಗ 14, ಪ್ರಯಾಣ ಹೊರಟಾಗ 16. 1911ರ ಮೇ 31ರ ಟೈಟಾನಿಕ್ ಕಟ್ಟುವವರಿಗೆ ಹೊಗೆಕೊಳವೆಗಳೇ ಬೇಡ. ಅಂದು ನೀರಿಗೆ ಜಾರಿದ್ದು ಬರಿಯ ಒಡಲು.

ಎಲ್ಲಕ್ಕಿಂತ ದೊಡ್ಡ ಚರ್ಚೆ ನಡುವಣ ಪ್ರೊಪೆಲ್ಲರಿನದು. ಅಕ್ಕಪಕ್ಕದ ಎರಡಕ್ಕೆ ಮೂರು ಅಲಗು ಎಂಬುದರಲ್ಲಿ ಅನುಮಾನವಿಲ್ಲ. ಟರ್ಬೈನಿನಿಂದ ತಿರುಗುತ್ತಿದ್ದ ನಡುವಣದಕ್ಕೆ ಒಲಿಂಪಿಕ್‌ನಂತೆಯೇ ನಾಲ್ಕು ಅಲಗು ಇತ್ತೆಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. ಟೈಟಾನಿಕ್‌ಗೆ ಕೂರಿಸಿದ ಪ್ರೊಪೆಲ್ಲರು ಕಾಣುವ ಫೋಟೊ ಒಂದೂ ದೊರೆತಿಲ್ಲ. ಇತಿಹಾಸಕಾರ ಮಾರ್ಕ್ ಚರ್ನ್‌ಸೈಡ್ ಹಡಗುಕಟ್ಟೆಯ ಎಂಜಿನಿಯರಿಂಗ್ ಟಿಪ್ಪಣಿ ಪುಸ್ತಕವೊಂದರಲ್ಲಿ ಟೈಟಾನಿಕ್‌ಗೆ ಮೂರು ಅಲಗು ಎಂದು ಬರೆದಿರುವುದನ್ನು ಬೆಳಕಿಗೆ ತಂದರು. ಮುಳುಗಿದ ಹಡಗಿನ ಬದಿಯ ಪ್ರೊಪೆಲ್ಲರಿನ ಮೇಲೆ 401 ಎಂಬ ಕಟ್ಟೋಣ ಸಂಖ್ಯೆ ಇಂದಿಗೂ ಓದಲು ಸಿಗುತ್ತದೆ. ನಡುವಣದ್ದು ಮಾತ್ರ ಕಡಲತಳದ ಕೆಸರಿನಲ್ಲಿ ಹೂತಿದೆ. ಮಾದರಿ ಕಟ್ಟುವವರು ಕಾಗದದ ಸಾಕ್ಷ್ಯವನ್ನು ತೂಗಿ ನೋಡಿ ತೀರ್ಮಾನಿಸಬೇಕು.

ಬಣ್ಣದ ವಿಷಯವೂ ಹೀಗೆಯೇ. ಟೈಟಾನಿಕ್‌ನ ಒಡೆತನದ ವೈಟ್ ಸ್ಟಾರ್ ಕಂಪನಿಯ ಹೊಗೆಕೊಳವೆಗಳ ಕಂದು ಹಳದಿಯನ್ನು ಕಪ್ಪುಬಿಳುಪು ಫೋಟೊ ಹೇಳಲಾರದು. ಇಂಥ ಪ್ರಶ್ನೆಗಳಿಗಾಗಿಯೇ ಟೈಟಾನಿಕ್ ಸಂಶೋಧನೆ ಮತ್ತು ಮಾದರಿ ನಿರ್ಮಾಣದ ಸಂಘವೊಂದು ಹುಟ್ಟಿತು. ಬ್ರೂಸ್ ಬೆವರಿಜ್ ಮತ್ತು ಸಂಗಡಿಗರು 2008ರಲ್ಲಿ ಹಡಗಿನ ವಿನ್ಯಾಸ, ನಿರ್ಮಾಣ, ಒಳಾಂಗಣ ಕುರಿತ ಬೃಹತ್ ಸಂಪುಟಗಳನ್ನು ತಂದರು. ಒಂದು ರೇಲಿಂಗು ಎಲ್ಲಿ ಮುಗಿಯಬೇಕೆಂದು ಕೇಳುವ ಹವ್ಯಾಸಿಗಳಿಂದ ಇತಿಹಾಸಕ್ಕೆ ಸಂದ ಸೇವೆ ದೊಡ್ಡದು.

ಶುರುಮಾಡುವವರಿಗೆ

ಮೊದಲ ಹಡಗು ಇಷ್ಟು ದೊಡ್ಡದಾಗಬೇಕಿಲ್ಲ. 1:570 ಅಥವಾ 1:400ರ ಕಿಟ್ ಒಂದನ್ನು ಮುಗಿಸಿದರೆ ಅಂಟು, ಉಜ್ಜುವಿಕೆ, ಬಣ್ಣ ಕೈಗೆ ಹತ್ತುತ್ತವೆ. ನಮ್ಮ ಮಳೆಗಾಲದ ತೇವದಲ್ಲಿ ಲ್ಯಾಕರ್ ಬಣ್ಣ ಒಣಗುವಾಗ ಬಿಳಿಚಿಕೊಳ್ಳುತ್ತದೆ. ಬಣ್ಣದ ಕೆಲಸವನ್ನು ಒಣಹವೆಯ ದಿನಗಳಿಗೆ ಇಟ್ಟುಕೊಳ್ಳುವುದು ಲೇಸು. ಥಿನ್ನರಿನ ಆವಿ ಶ್ವಾಸಕ್ಕೆ ಕೆಟ್ಟದ್ದು, ಆದ್ದರಿಂದ ಕಿಟಕಿ ತೆರೆದು, ಮಾಸ್ಕ್ ಹಾಕಿ ಕೂರಬೇಕು. ದೊಡ್ಡ ಕಿಟ್ ಕೊಳ್ಳುವ ಮೊದಲು ಅದನ್ನು ಇಡುವ ಜಾಗವನ್ನೂ ಗಾಜಿನ ಪೆಟ್ಟಿಗೆಯ ಖರ್ಚನ್ನೂ ಲೆಕ್ಕ ಹಾಕಬೇಕು. ರೇಲಿಂಗುಗಳ ನಡುವೆ ಧೂಳು ಕೂತರೆ ಒರೆಸಿ ತೆಗೆಯುವುದು ಆಗದ ಮಾತು.

ಕಟ್ಟಿ ಮುಗಿಸಿದವರು ಮಾದರಿಯ ಪಕ್ಕದಲ್ಲಿ ಒಂದು ಪುಟ ಬರೆದಿಡಬೇಕು ಎಂಬುದು ನನ್ನ ಆಸೆ. ಇದು ಯಾವ ದಿನದ ಹಡಗು, ಪ್ರೊಪೆಲ್ಲರಿಗೆ ಮೂರು ಅಲಗು ಯಾಕೆ, ಈ ಹಳದಿ ಎಲ್ಲಿಂದ ಬಂತು ಎಂಬುದನ್ನು ನೋಡಲು ಬಂದ ಮಗು ಓದಬೇಕು. ಹಿಮಬಂಡೆಗೆ ತಾಗಿದ ಮೇಲೆ ಟೈಟಾನಿಕ್ ಮುಳುಗಲು ಹಿಡಿದದ್ದು ಎರಡು ಗಂಟೆ ನಲವತ್ತು ನಿಮಿಷ. ಲೋಕಕ್ಕೆ ಗೊತ್ತಿರುವುದು ಆ ಹೊತ್ತಿನ ಕಥೆ. ಅದನ್ನು ಕಟ್ಟಲು ಬೆಲ್‌ಫಾಸ್ಟಿನ ಕೆಲಸಗಾರರಿಗೆ ಮೂರು ವರ್ಷ ಬೇಕಾಯಿತು. ಆ ಕೆಲಸದಲ್ಲಿ ಎಂಟು ಮಂದಿ ಪ್ರಾಣ ತೆತ್ತರು. ತಗಡಿನ ಏಣನ್ನು ಉಜ್ಜಿ, ಕಿಂಡಿ ಎಣಿಸಿ, ತಂತಿ ಬಿಗಿದು ಕೂತವರು ಕಲಿಯುವುದು ಈ ಮೂರು ವರ್ಷಗಳ ಕಥೆಯನ್ನು. ದುರಂತವನ್ನು ನೆನೆಯಲು ಸಿನಿಮಾ ಸಾಕು. ದುಡಿಮೆಯನ್ನು ಅರಿಯಲು ಹೀಗೆ ಕೈಯಾರೆ ಕಟ್ಟಬೇಕು.